ಚಪ್ಪಾಳೆಯ ಲೆಕ್ಕ ಬರೆಯುವವರು ಯಾರು?

ಬುಧವಾರ ರಾತ್ರಿ ಹತ್ತರ ಸುಮಾರಿಗೆ ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿರುವ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಜೀವ ಬರುತ್ತದೆ. ಶುಕ್ರವಾರ ಬಿಡುಗಡೆಯಾಗುವ ಕನ್ನಡ ಸಿನಿಮಾಕ್ಕೆ ನಮ್ಮ ಕಡೆ ಒಂದು ಶೋ ಆದರೂ ಸಿಗುತ್ತದಾ ಅನ್ನುವುದು ಅಷ್ಟರಲ್ಲಿ ತೀರ್ಮಾನ ಆಗಬೇಕು. ಥಿಯೇಟರಿನವರ ಪ್ರಶ್ನೆ ಯಾವಾಗಲೂ ಒಂದೇ: "ಎಷ್ಟು ಜನ ಬರ್ತೀರಿ?" ಗುಂಪಿನಲ್ಲಿ 243 ಮಂದಿ ಇದ್ದೇವೆ. ಪೋಲ್ ಹಾಕಿದರೆ ಎಪ್ಪತ್ತು ಜನ "ಬರ್ತೇವೆ" ಅಂತ ಒತ್ತುತ್ತಾರೆ. ದುಡ್ಡು ಯುಪಿಐ ಮಾಡಿ ಅಂದ ಕೂಡಲೇ ಎಪ್ಪತ್ತು ಹೋಗಿ ಮೂವತ್ತೊಂದು ಆಗುತ್ತದೆ. ಕಳೆದ ಸಲ ಭಾನುವಾರ ಬೆಳಗ್ಗೆ ಒಂಬತ್ತರ ಶೋಗೆ ಬಂದು ಕೂತವರು 26. ಅದರಲ್ಲಿ ಇಬ್ಬರು ಕನ್ನಡದ ಮನೆಯ ಮರಾಠಿ ಅಳಿಯಂದಿರು. ಸುಮ್ನೆ ಹೆಂಡತಿ ಜೊತೆ ಬಂದವರು.

ಸಿನಿಮಾ ಮಾಡಿದವರಿಗೆ ಹೀಗೊಂದು ಗುಂಪು ಇದೆ ಅನ್ನುವುದೇ ಗೊತ್ತಿಲ್ಲ. ಆದರೂ ಪೋಸ್ಟರ್ ಹಂಚಿದ್ದು ನಾವು. ಥಿಯೇಟರಿಗೆ ನಾಲ್ಕು ಸಲ ಫೋನ್ ಮಾಡಿದ್ದು ನಾವು. ದುಡ್ಡು ಒಟ್ಟುಮಾಡಿದ್ದು ನಾವು. ಆಟ ಮುಗಿದ ಮೇಲೆ ಥಿಯೇಟರ್ ಎದುರು ಸಾಲಾಗಿ ನಿಂತು ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದ್ದೂ ನಾವೇ. ಮಾಧ್ಯಮಗಳ ಬಗ್ಗೆ ಅಧ್ಯಯನ ಮಾಡುವವರು ಇದಕ್ಕೆ ಅಭಿಮಾನಿ ಸಮುದಾಯ, ಪ್ರೇಕ್ಷಕರ ಭಾಗವಹಿಸುವಿಕೆ ಅಂತೆಲ್ಲ ಹೆಸರಿಟ್ಟಿದ್ದಾರೆ. ಹೆಸರು ದೊಡ್ಡದು, ವಿಷಯ ಇಷ್ಟೇ. ನೋಡಲು ಬಂದವರು ನೋಡಿ ಎದ್ದು ಹೋಗುವುದಿಲ್ಲ, ತಾವೂ ಏನಾದರೂ ಮಾಡುತ್ತಾರೆ.

ಇದೆಲ್ಲ ಇಂಟರ್ನೆಟ್ ಬಂದ ಮೇಲೆ ಶುರುವಾಯಿತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಭಿಮಾನಿ ಮಾಡುವ ಕೆಲಸ ಹಳೆಯದೇ. ಅದನ್ನು ಎಣಿಸಿ, ಲೆಕ್ಕ ಬರೆದು, ಆ ಲೆಕ್ಕವನ್ನು ಮಾರಿಕೊಳ್ಳುವವರು ಮಾತ್ರ ಹೊಸಬರು. ಈ ಒಂದು ಎಳೆ ಹಿಡಿದುಕೊಂಡರೆ ಟ್ರೆಂಡಿಂಗ್, ಫ್ಯಾನ್ ಎಡಿಟ್, ಕಾಪಿರೈಟ್ ಕ್ಲೇಮ್, ನಟರ ಅಭಿಮಾನಿಗಳು ಜಗಳಾಡುವ ಸ್ಟಾರ್ ವಾರ್, ಎಲ್ಲದರ ಗಂಟೂ ಸಡಿಲಾಗುತ್ತದೆ.

ವನ್ಸ್ ಮೋರ್‌ನಿಂದ ಎಸ್ಸೆಮ್ಮೆಸ್‌ವರೆಗೆ

ಪುಣೆ, ಮುಂಬಯಿ, ಹುಬ್ಬಳ್ಳಿ, ಧಾರವಾಡದಲ್ಲಿ ಕಂಪನಿ ನಾಟಕಗಳು ಜೋರಾಗಿದ್ದ ಕಾಲದಲ್ಲಿ ಪ್ರೇಕ್ಷಕರ ಬಳಿ ಒಂದು ಅಸ್ತ್ರ ಇತ್ತು. "ವನ್ಸ್ ಮೋರ್!" ಹಾಡು ಹಿಡಿಸಿತೋ, ಕೂಗು ಏಳುತ್ತಿತ್ತು. ನಟ ಮತ್ತೆ ಹಾಡಲೇಬೇಕು. ನಟ, ಗಾಯಕ ಬಾಲಗಂಧರ್ವರ ಮರಾಠಿ ಸಂಗೀತ ನಾಟಕಗಳು ಹೀಗೆ ಕೂಗು ಬಿದ್ದೂ ಬಿದ್ದೂ ನಡುರಾತ್ರಿ ದಾಟಿ ಎಳೆಯುತ್ತಿದ್ದವು. ಸತ್ತು ಬಿದ್ದ ಪಾತ್ರ ಎದ್ದು ನಿಂತು, ಹಾಡಿ, ಮತ್ತೆ ಸತ್ತದ್ದುಂಟು ಅಂತ ನಾಟಕದ ಹಳಬರು ಇವತ್ತಿಗೂ ಹೇಳಿ ನಗುತ್ತಾರೆ. ಆ ಕೂಗನ್ನು ಯಾರೂ ಎಣಿಸಿ ಇಟ್ಟುಕೊಳ್ಳಲಿಲ್ಲ. ಕೇಳಿಸಿಕೊಳ್ಳಬೇಕಾದವರು ಎದುರಿಗೇ ಇದ್ದರು. ಉತ್ತರ ಅಲ್ಲೇ ಸಿಗುತ್ತಿತ್ತು.

ರೇಡಿಯೋ ಬಂದಾಗ ಹಾಡುವವರು ಒಂದು ಊರಲ್ಲಿ, ಕೇಳುವವರು ಇನ್ನೊಂದು ಊರಲ್ಲಿ ಆದರು. ನಡುವೆ ಅಂಚೆ ಬಂತು. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾಗಿದ್ದಾಗ ಆಕಾಶವಾಣಿ ಸಿನಿಮಾ ಹಾಡುಗಳನ್ನು ದೂರ ಇಟ್ಟಿತು. ಆ ಜಾಗಕ್ಕೆ ರೇಡಿಯೋ ಸಿಲೋನ್ ನುಗ್ಗಿತು. ಅದೇ ವರ್ಷ ಡಿಸೆಂಬರಿನಲ್ಲಿ ಶುರುವಾದ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಬಿನಾಕಾ ಗೀತಮಾಲಾ ಪ್ರಸಾರವಾಗುತ್ತಿದ್ದದ್ದು ಕೊಲಂಬೊದಿಂದ, ತಯಾರಾಗುತ್ತಿದ್ದದ್ದು ಮುಂಬಯಿಯಲ್ಲಿ. ಅದರ ನಿರೂಪಕ ಅಮೀನ್ ಸಯಾನಿ ಅವರ ದನಿಗೆ ವಾರವಾರವೂ ಸಾವಿರಗಟ್ಟಲೆ ಪತ್ರ ಬರುತ್ತಿತ್ತು. ಯಾವ ಹಾಡಿಗೆ ಎಷ್ಟನೇ ಸ್ಥಾನ ಅನ್ನುವುದಕ್ಕೆ ರೆಕಾರ್ಡುಗಳ ಮಾರಾಟ ಒಂದು ಅಳತೆ, ಊರೂರಿನ ಶ್ರೋತೃ ಸಂಘಗಳು ಕಳಿಸುವ ಪತ್ರ ಇನ್ನೊಂದು ಅಳತೆ. 1957ರಲ್ಲಿ ಆಕಾಶವಾಣಿಯದೇ ವಿವಿಧ ಭಾರತಿ ಬಂದ ಮೇಲೆ ಝುಮ್ರಿ ತಲೈಯಾ ಎಂಬ ಅಭ್ರಕದ ಗಣಿ ಊರು, ಕೋರಿಕೆ ಪತ್ರ ಬರೆದೂ ಬರೆದೂ ದೇಶಕ್ಕೆಲ್ಲ ಹೆಸರಾಯಿತು. ಇವತ್ತಿನ ಮಾತಿನಲ್ಲಿ ಹೇಳಬೇಕೆಂದರೆ ಅದೊಂದು ಫ್ಯಾನ್ ಪೇಜ್. ಪೋಸ್ಟ್‌ಕಾರ್ಡಿನ ಮೇಲಿತ್ತು, ಅಷ್ಟೇ ವ್ಯತ್ಯಾಸ.

ಪತ್ರವನ್ನು ಯಾರೋ ಒಬ್ಬರು ಕೂತು ಓದಬೇಕಿತ್ತು. ಎಸ್ಸೆಮ್ಮೆಸ್‌ಗೆ ಅದರ ಅಗತ್ಯ ಇಲ್ಲ, ಯಂತ್ರ ಎಣಿಸುತ್ತದೆ. ಜೊತೆಗೆ ಒಂದೊಂದು ಎಣಿಕೆಗೂ ದುಡ್ಡು ಹುಟ್ಟುತ್ತದೆ. ಟಿವಿ ಸ್ಪರ್ಧೆಗಳಿಗೆ ಕಳಿಸುವ ಮತದ ಎಸ್ಸೆಮ್ಮೆಸ್ ಆಗ ಮಾಮೂಲಿಗಿಂತ ದುಬಾರಿ ಇತ್ತು, ಅಲ್ವಾ? ಆ ಹೆಚ್ಚಿನ ದುಡ್ಡನ್ನು ಫೋನ್ ಕಂಪನಿಯೂ ಚಾನಲ್ಲೂ ಹಂಚಿಕೊಳ್ಳುತ್ತಿದ್ದವು. ಅಭಿಮಾನಕ್ಕೆ ಮೀಟರ್ ಹಾಕಿದ್ದು ಇದೇ ಮೊದಲು ಅಂತ ನನ್ನ ಲೆಕ್ಕ.

ಇದರ ದೊಡ್ಡ ಉದಾಹರಣೆ 2007ರದ್ದು. ಮುಂಬಯಿಯಲ್ಲಿ ನಡೆಯುತ್ತಿದ್ದ ಇಂಡಿಯನ್ ಐಡಲ್ ಸ್ಪರ್ಧೆಯ ಮೂರನೇ ಆವೃತ್ತಿಯನ್ನು ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಗೆದ್ದರು. ಅವರು ಆಗ ಕೋಲ್ಕತ್ತಾ ಪೊಲೀಸಿನಲ್ಲಿ ಕಾನ್‌ಸ್ಟೇಬಲ್ ಆಗಿದ್ದರು. ಅವರ ಪರವಾಗಿ ಬೆಟ್ಟದ ಊರುಗಳಲ್ಲಿ ಚಂದಾ ಎತ್ತಿದರು. ಮತ ಹಾಕಲೆಂದೇ ಫೋನ್ ಇಟ್ಟುಕೊಂಡು ಕೂತರು. ಕೊನೆಯ ಸುತ್ತಿನಲ್ಲಿ ಸುಮಾರು 7 ಕೋಟಿ ಮತ ಬಿದ್ದವು ಅಂತ ಆಗ ಪತ್ರಿಕೆಗಳು ಬರೆದವು. ಆ ಪ್ರಚಾರದ ಮುಂದಾಳುಗಳಲ್ಲಿ ಒಬ್ಬರಾದ ಬಿಮಲ್ ಗುರುಂಗ್ ಅದೇ ಅಕ್ಟೋಬರಿನಲ್ಲಿ ಗೋರ್ಖಾ ಜನಮುಕ್ತಿ ಮೋರ್ಚಾ ಪಕ್ಷ ಕಟ್ಟಿದರು. ಹಾಡಿನ ಸ್ಪರ್ಧೆಗೆ ಸೇರಿದ ಜನ ಪ್ರತ್ಯೇಕ ರಾಜ್ಯ ಬೇಕು ಅನ್ನುವ ಹೋರಾಟಕ್ಕೂ ಸೇರಿದರು. ಕನ್ನಡದವರಿಗೆ ಇದು ಹೊಸದೇನಲ್ಲ. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಾಗ ಅವರ ಅಭಿಮಾನಿ ಸಂಘಗಳು ಹಿಂದೆ ನಿಂತದ್ದನ್ನು ನಮ್ಮ ಹಿರಿಯರು ಕಣ್ಣಾರೆ ಕಂಡಿದ್ದಾರೆ.

ಇನ್ನೊಂದು ತಮಾಷೆ ಹೇಳಿ ಮುಂದೆ ಹೋಗುತ್ತೇನೆ. ಬಿಗ್ ಬಾಸ್ ಕನ್ನಡದ ಮೊದಲ ಎರಡು ಆವೃತ್ತಿಗಳ ಮನೆ ಇದ್ದದ್ದು ಇಲ್ಲೇ ಪುಣೆ ದಾರಿಯ ಲೋಣಾವಳದಲ್ಲಿ. ಮತ ಹಾಕಿದವರು ಕರ್ನಾಟಕದಲ್ಲಿ, ಮತ ಬಿದ್ದ ಮನೆ ಮಹಾರಾಷ್ಟ್ರದಲ್ಲಿ.

ಏಳು ಗಂಟೆಯ ಮಳೆ

ಅಕ್ಕನ ಮಗಳಿಗೆ ಹತ್ತೊಂಬತ್ತು. ನವಿ ಮುಂಬಯಿಯಲ್ಲಿ ಓದುತ್ತಿದ್ದಾಳೆ. ಒಬ್ಬ ಕನ್ನಡ ನಟನ ಫ್ಯಾನ್ ಪೇಜ್ ನಡೆಸುತ್ತಾಳೆ. ಆ ನಟನ ಹುಟ್ಟುಹಬ್ಬದ ಹಿಂದಿನ ದಿನ ನಮ್ಮ ಮನೆಗೆ ಬಂದಿದ್ದವಳು ಊಟದ ನಡುವೆ ಕೇಳಿದಳು: "ಮಾಮ, ಸರಿಯಾಗಿ ಏಳು ಗಂಟೆಗೆ ನಿಮ್ಮ ಫೋನ್ ಕೊಡಿ. ನಿಮ್ಮ ಅಕೌಂಟಿಂದಲೂ ಟ್ಯಾಗ್ ಹಾಕ್ಬೇಕು." ಈಗಲೇ ಹಾಕು ಮಾರಾಯ್ತಿ ಅಂದೆ. "ಈಗ ಹಾಕಿದ್ರೆ ವೇಸ್ಟ್ ಮಾಮ" ಅಂದಳು.

ಅವಳು ಹೇಳಿದ್ದು ಸರಿ. ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟರಿನಲ್ಲಿ, ಟ್ರೆಂಡಿಂಗ್ ಪಟ್ಟಿ ಒಟ್ಟು ಎಷ್ಟು ಜನ ಬರೆದರು ಅನ್ನುವುದನ್ನಷ್ಟೇ ನೋಡುವುದಿಲ್ಲ. ಎಷ್ಟು ಬೇಗ ಏರಿತು ಅನ್ನುವುದನ್ನು ನೋಡುತ್ತದೆ. ಮುಂಬಯಿಯವರಿಗೆ ಇದನ್ನು ವಿವರಿಸುವುದು ಸುಲಭ. ದಿನವಿಡೀ ಜಿಟಿಜಿಟಿ ಮಳೆ ಬಂದರೆ ತಗ್ಗಿನ ಜಾಗವಾದ ಹಿಂದ್‌ಮಾತಾದಲ್ಲಿ ನೀರು ನಿಲ್ಲುವುದಿಲ್ಲ. ಅಷ್ಟೇ ಮಳೆ ಒಂದು ಗಂಟೆಯಲ್ಲಿ ಧೋ ಅಂತ ಸುರಿದರೆ ಸೊಂಟದವರೆಗೆ ನೀರು. ದಿನಕ್ಕೆ ಐವತ್ತು ಸಾವಿರ ಪೋಸ್ಟ್ ಹನಿಹನಿಯಾಗಿ ಬಿದ್ದರೆ ಪಟ್ಟಿಗೆ ತಟ್ಟುವುದೇ ಇಲ್ಲ. ಐದು ಸಾವಿರ ಪೋಸ್ಟ್ ಹತ್ತು ನಿಮಿಷದಲ್ಲಿ ಬಿದ್ದರೆ ಪಟ್ಟಿ ತುಂಬಿ ಹರಿಯುತ್ತದೆ. ಅದಕ್ಕೇ ಅಭಿಮಾನಿಗಳು ಹ್ಯಾಶ್‌ಟ್ಯಾಗನ್ನು ಗುಟ್ಟಾಗಿ ಇಟ್ಟುಕೊಂಡು, ಗಂಟೆ ಗೊತ್ತುಮಾಡಿ, ಒಟ್ಟಿಗೆ ಬಿಡುತ್ತಾರೆ. ಒಂದು ನಿಮಿಷ ಮುಂಚೆ ಬಿಟ್ಟವನಿಗೆ ಗುಂಪಿನಲ್ಲಿ ಬೈಗುಳ ತಪ್ಪಿದ್ದಲ್ಲ.

ಯೂಟ್ಯೂಬಿನ ಕಥೆ ಬೇರೆ. ಅಲ್ಲಿ ಮೊದಲು ಎಷ್ಟು ಸಲ ಒತ್ತಿದರು ಅನ್ನುವುದೇ ಮುಖ್ಯವಾಗಿತ್ತು. ಆಮೇಲೆ ಏನಾಯಿತು ಅಂದರೆ, ಚಂದದ ಚಿತ್ರ ತೋರಿಸಿ ಒತ್ತಿಸಿಕೊಳ್ಳುವ ವಿಡಿಯೋಗಳು ಜಾಸ್ತಿಯಾದವು. ಒಳಗೆ ಏನೂ ಇರುತ್ತಿರಲಿಲ್ಲ. 2012ರಲ್ಲಿ ಯೂಟ್ಯೂಬ್ ತನ್ನ ಲೆಕ್ಕ ಬದಲಿಸಿತು. ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಹೆಚ್ಚು ತೂಕ ಕೊಟ್ಟಿತು. ಹಾಡು ಬಿಡುಗಡೆಯಾದ ದಿನ ಫ್ಯಾನ್ ಗುಂಪುಗಳಲ್ಲಿ "ಸ್ಕಿಪ್ ಮಾಡಬೇಡಿ, ಪೂರ್ತಿ ನೋಡಿ, ಮ್ಯೂಟ್ ಮಾಡಬೇಡಿ" ಅಂತ ಸುತ್ತೋಲೆ ಬರುವುದು ಇದೇ ಕಾರಣಕ್ಕೆ. ಒಳಗಿನ ಲೆಕ್ಕ ನಿಜಕ್ಕೂ ಹೇಗೆ ನಡೆಯುತ್ತದೆ ಅಂತ ಕಂಪನಿ ಪೂರ್ತಿ ಹೇಳುವುದಿಲ್ಲ. ಅಭಿಮಾನಿಗಳು ಊಹೆ ಮಾಡುತ್ತಾರೆ. ಕೆಲವು ಸುತ್ತೋಲೆಗಳನ್ನು ಓದಿದರೆ ವ್ರತದ ನಿಯಮ ನೋಡಿದ ಹಾಗಾಗುತ್ತದೆ.

ಲೆಕ್ಕ ಇದ್ದಲ್ಲಿ ಲೆಕ್ಕ ತಿರುಚುವವರೂ ಇರುತ್ತಾರೆ. 2019ರ ಜುಲೈನಲ್ಲಿ ರ‍್ಯಾಪರ್ ಬಾದ್‌ಷಾ ಅವರ ಒಂದು ಹಾಡು 24 ಗಂಟೆಯಲ್ಲಿ 7.5 ಕೋಟಿ ವೀಕ್ಷಣೆ ಕಂಡಿತು. ಅದು ವಿಶ್ವದಾಖಲೆ ಅಂತ ಸುದ್ದಿಯಾಯಿತು. ಅದರಲ್ಲಿ ಜಾಹೀರಾತಿಗೆ ದುಡ್ಡು ಕೊಟ್ಟು ಬಂದ ವೀಕ್ಷಣೆಯೂ ಸೇರಿತ್ತು. ಆಗಿನ ನಿಯಮದಲ್ಲಿ ಅದು ತಪ್ಪೂ ಆಗಿರಲಿಲ್ಲ. ದೊಡ್ಡ ದೊಡ್ಡ ಸಂಗೀತ ಕಂಪನಿಗಳು ಮಾಡುತ್ತಿದ್ದದ್ದೂ ಅದೇ. ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ನಿಯಮ ಬದಲಿಸಿ, ಜಾಹೀರಾತಿನಿಂದ ಬಂದ ವೀಕ್ಷಣೆಯನ್ನು 24 ಗಂಟೆಯ ದಾಖಲೆಗೆ ಸೇರಿಸುವುದಿಲ್ಲ ಎಂದಿತು. ಟ್ರೆಂಡಿಂಗ್ ಪುಟವನ್ನು 2025ರ ಜುಲೈನಲ್ಲಿ ನಿಲ್ಲಿಸಿಯೇ ಬಿಟ್ಟಿತು. ವರ್ಷಗಟ್ಟಲೆ ಅಲಾರಂ ಇಟ್ಟುಕೊಂಡು ಆ ಪುಟಕ್ಕಾಗಿ ದುಡಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಪುಟ ಅವರದ್ದಾಗಿದ್ದರೆ ತಾನೇ ಕೇಳುವುದು.

ಹಾಗಾದರೆ ಇದೆಲ್ಲ ಬಿಟ್ಟಿ ಚಾಕರಿಯಾ? ಹಾಗಂತ ವಾದಿಸುವ ವಿದ್ವಾಂಸರು ಇದ್ದಾರೆ. ಅಭಿಮಾನಿ ಬೆವರು ಸುರಿಸುತ್ತಾನೆ, ಜಾಹೀರಾತಿನ ದುಡ್ಡು ಕಂಪನಿಗೆ ಹೋಗುತ್ತದೆ ಅನ್ನುತ್ತಾರೆ. ನಾನೂ ಹಾಗೇ ಅಂದೆ. ಅಕ್ಕನ ಮಗಳಿಗೆ ಸಿಟ್ಟು ಬಂತು. "ನೀವು ಸಂಘದ ಯಕ್ಷಗಾನಕ್ಕೆ ಕುರ್ಚಿ ಹಾಕ್ತೀರಲ್ಲ ಮಾಮ, ಅದು ಎಂಥ ಚಾಕರಿ?" ನನ್ನ ಬಳಿ ಉತ್ತರ ಇರಲಿಲ್ಲ. ಫ್ಯಾನ್ ಪೇಜಿಗೆಂದು ವಿಡಿಯೋ ಕತ್ತರಿಸಿ ಜೋಡಿಸುವುದನ್ನು ಕಲಿತವಳು ಈಗ ಮದುವೆಗಳಿಗೆ ರೀಲ್ಸ್ ಮಾಡಿಕೊಟ್ಟು ತನ್ನ ಕೈಖರ್ಚು ನೋಡಿಕೊಳ್ಳುತ್ತಾಳೆ. ಎಲ್ಲರಿಗೂ ಹಾಗೆ ಆಗುವುದಿಲ್ಲ ಅನ್ನುವುದೂ ನಿಜ.

ಎಲ್ಲರೂ ಇಷ್ಟು ದುಡಿಯುವುದೂ ಇಲ್ಲ. ವೆಬ್‌ಸೈಟುಗಳನ್ನು ಜನ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಯಾಕೋಬ್ ನೀಲ್ಸನ್ 2006ರಲ್ಲಿ ಒಂದು ಅಂದಾಜು ಕೊಟ್ಟರು. ಆನ್‌ಲೈನ್ ಗುಂಪಿನಲ್ಲಿ ನೂರಕ್ಕೆ ತೊಂಬತ್ತು ಜನ ನೋಡಿ ಸುಮ್ಮನಿರುತ್ತಾರೆ, ಒಂಬತ್ತು ಜನ ಆಗಾಗ ಕೈಹಾಕುತ್ತಾರೆ, ಒಬ್ಬ ಮಾತ್ರ ಹಗಲಿರುಳು ದುಡಿಯುತ್ತಾನೆ. ಇದು ಕಲ್ಲಿನಲ್ಲಿ ಕೊರೆದ ನಿಯಮವೇನಲ್ಲ. ಆದರೆ ನಮ್ಮ 243 ಜನರಲ್ಲಿ ಥಿಯೇಟರಿಗೆ ಫೋನ್ ಮಾಡುವವರು ಇಬ್ಬರೇ ಅನ್ನುವಾಗ ನೀಲ್ಸನ್ ನಮ್ಮ ಗುಂಪನ್ನು ನೋಡಿಯೇ ಬರೆದರೇನೋ ಅನ್ನಿಸುತ್ತದೆ. ಆನ್‌ಲೈನಿನಲ್ಲಿ "ಅಭಿಮಾನಿಗಳ ಅಭಿಪ್ರಾಯ" ಅಂತ ಏನಾದರೂ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ. ಅದು ಆ ಒಬ್ಬನ ಅಭಿಪ್ರಾಯ ಆಗಿರುವ ಸಾಧ್ಯತೆಯೇ ಜಾಸ್ತಿ. ತೊಂಬತ್ತು ಜನ ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾರೆ.

ಹಕ್ಕಲು ಆಯುವವರು

ಹೆನ್ರಿ ಜೆಂಕಿನ್ಸ್ ಅಂತ ಅಮೆರಿಕದ ಒಬ್ಬ ವಿದ್ವಾಂಸರಿದ್ದಾರೆ. ಅಭಿಮಾನಿಗಳನ್ನು ತಲೆಕೆಟ್ಟವರು ಅಂತ ನೋಡುತ್ತಿದ್ದ ಕಾಲದಲ್ಲಿ, 1992ರಲ್ಲಿ, ಅವರು ಅಭಿಮಾನಿಗಳ ಕೆಲಸವನ್ನು ಗಂಭೀರವಾಗಿ ತೆಗೆದುಕೊಂಡು ಪುಸ್ತಕ ಬರೆದರು. ಟಿವಿ ಧಾರಾವಾಹಿಯ ಪಾತ್ರಗಳನ್ನು ಇಟ್ಟುಕೊಂಡು ಹೊಸ ಕಥೆ ಬರೆಯುವವರು, ಹಾಡು ಕಟ್ಟುವವರು, ದೃಶ್ಯಗಳನ್ನು ಕತ್ತರಿಸಿ ಬೇರೆ ರೀತಿ ಜೋಡಿಸುವವರು, ಇವರೆಲ್ಲ ಬೇರೆಯವರ ಕಾಡಿಗೆ ನುಗ್ಗಿ ಬೇಟೆಯಾಡುವವರ ಹಾಗೆ ಅಂದರು. ತೆಗಳಿಕೆಯಾಗಿ ಅಂದದ್ದಲ್ಲ, ಮೆಚ್ಚಿ ಅಂದದ್ದು.

ನನಗೆ ಬೇಟೆಗಿಂತ ಹಕ್ಕಲು ಸರಿ ಅನ್ನಿಸುತ್ತದೆ. ಪೈರು ಕೊಯ್ದಾದ ಮೇಲೆ ಗದ್ದೆಯಲ್ಲಿ ಉದುರಿದ ತೆನೆ ಉಳಿದಿರುತ್ತದೆ. ಅದನ್ನು ಆಯ್ದುಕೊಳ್ಳಲು ಬಂದವರನ್ನು ಗದ್ದೆಯ ಒಡೆಯ ಬೈದು ಓಡಿಸುತ್ತಿರಲಿಲ್ಲ. ಸಿನಿಮಾದ ಅರ್ಧ ನಿಮಿಷದ ನೋಟಕ್ಕೆ ಹಳೆಯ ಹಾಡು ಸೇರಿಸಿ ರೀಲ್ ಮಾಡುವವರು, ಟ್ರೋಲ್ ಪೇಜಿಗೆ ಮೀಮ್ ಮಾಡುವವರು, ಟೀಸರಿನ ಒಂದೊಂದು ಫ್ರೇಮ್ ನಿಲ್ಲಿಸಿ ಕಥೆ ಊಹಿಸುವವರು, ಎಲ್ಲರೂ ಆಯುವುದು ಹಕ್ಕಲನ್ನೇ. ಒಡೆಯನಿಗೆ ನಷ್ಟವಿಲ್ಲ. ಗದ್ದೆಯ ಹೆಸರು ನಾಲ್ಕು ಊರಿಗೆ ಹರಡುತ್ತದೆ, ಅದು ಲಾಭ.

ಆದರೆ ಈಗ ಒಡೆಯನ ಬಳಿ ಒಂದು ಯಂತ್ರ ಇದೆ. ಯೂಟ್ಯೂಬ್ 2007ರಲ್ಲಿ ತಂದ ಕಂಟೆಂಟ್ ಐಡಿ. ಕೆಲಸ ಮಾಡುವ ಬಗೆ ಹೀಗೆ. ಹಾಡಿನ ಹಕ್ಕು ಇರುವವರು ಮೂಲ ಪ್ರತಿಯನ್ನು ಯೂಟ್ಯೂಬಿಗೆ ಕೊಡುತ್ತಾರೆ. ಯಂತ್ರ ಅದರ ಬೆರಳಚ್ಚು ತೆಗೆದಿಟ್ಟುಕೊಳ್ಳುತ್ತದೆ. ಯಾರಾದರೂ ಹೊಸ ವಿಡಿಯೋ ಏರಿಸಿದ ಕೂಡಲೇ ಅದರ ಬೆರಳಚ್ಚನ್ನೂ ತೆಗೆದು ಹೋಲಿಸಿ ನೋಡುತ್ತದೆ. ಹೊಂದಿಕೆಯಾದರೆ ಹಕ್ಕುದಾರನ ಮುಂದೆ ಮೂರು ದಾರಿ: ವಿಡಿಯೋ ಕಾಣದಂತೆ ಮಾಡಬಹುದು, ಸುಮ್ಮನೆ ಅಂಕಿಅಂಶ ನೋಡುತ್ತಿರಬಹುದು, ಇಲ್ಲವೇ ವಿಡಿಯೋ ಉಳಿಸಿ ಅದರ ಜಾಹೀರಾತಿನ ದುಡ್ಡನ್ನು ತಾನು ತೆಗೆದುಕೊಳ್ಳಬಹುದು. ಜಾಣ ಒಡೆಯರು ಮೂರನೆಯದನ್ನು ಆರಿಸುತ್ತಾರೆ. ಹಕ್ಕಲು ಆಯಲು ಬಿಡುತ್ತಾರೆ, ಆಯ್ದ ಬುಟ್ಟಿಯನ್ನು ದಾರಿಯಲ್ಲಿ ಇಳಿಸಿಕೊಳ್ಳುತ್ತಾರೆ.

ನಮ್ಮ 1957ರ ಕಾಪಿರೈಟ್ ಕಾನೂನಿನ 52ನೇ ಕಲಮು ವಿಮರ್ಶೆಗೆ, ಖಾಸಗಿ ಬಳಕೆಗೆ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಸಿನಿಮಾ ವಿಮರ್ಶೆಯ ನಡುವೆ ಹತ್ತು ಸೆಕೆಂಡಿನ ತುಣುಕು ತೋರಿಸಿದರೆ ವಾದಿಸಲು ಜಾಗ ಇದೆ. ಯಂತ್ರಕ್ಕೆ ಮಾತ್ರ ಅದು ವಿಮರ್ಶೆಯೋ ನಕಲೋ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಬೆರಳಚ್ಚು ಒಂದೇ.

ಕೋಲದ ಕಟ್ಟೆ, ಥಿಯೇಟರಿನ ಪರದೆ

ಭಾಗವಹಿಸುವುದಕ್ಕೆ ಗಡಿ ಇದೆಯಾ ಅನ್ನುವ ಪ್ರಶ್ನೆ ತುಳುನಾಡಿನ ನಮ್ಮ ಜನರಿಗೆ ತೀರಾ ಹತ್ತಿರದಿಂದ ಬಂತು. 2022ರ ಸೆಪ್ಟೆಂಬರ್ 30ರಂದು 'ಕಾಂತಾರ' ಬಿಡುಗಡೆಯಾಯಿತು. ಎರಡು ವಾರ ಕಳೆದು ಹಿಂದಿಗೂ ಬಂತು. ಮುಂಬಯಿಯ ತುಳುವರು ತಮ್ಮ ಆಫೀಸಿನ ಮರಾಠಿ, ಗುಜರಾತಿ ಗೆಳೆಯರಿಗೆ ನಮ್ಮೂರು ನಂಬುವ ದೈವ ಅಂದರೇನು, ಆ ದೈವ ಮೈಮೇಲೆ ಬಂದು ನುಡಿಯುವ ಕೋಲ ಅಂದರೇನು ಅಂತ ವಿವರಿಸಿ ವಿವರಿಸಿ ಗಂಟಲು ಒಣಗಿಸಿಕೊಂಡರು. ನಾನೂ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ದಾದರ್‌ವರೆಗೆ ಪಾಠ ಮಾಡಿದ್ದೇನೆ. ಇದೂ ಅಭಿಮಾನಿಯ ಕೆಲಸವೇ. ಚಿತ್ರದಲ್ಲಿ ಇಲ್ಲದ ಟಿಪ್ಪಣಿಯನ್ನು ನಾವು ಬರೆದೆವು.

ಆಮೇಲೆ ಕೆಲವರು ದೈವದ ವೇಷ ಹಾಕಿಕೊಂಡು ರೀಲ್ಸ್ ಮಾಡತೊಡಗಿದರು. 2025ರ ಅಕ್ಟೋಬರ್ 2ರಂದು ಎರಡನೇ ಚಿತ್ರ ಬಂದಾಗ ಥಿಯೇಟರಿನೊಳಗೇ ಕೂಗಿ ಕುಣಿದರು. ಹಾಗೆ ಅನುಕರಿಸಬೇಡಿ ಅಂತ ನಿರ್ಮಾಣ ಸಂಸ್ಥೆಯೇ ಮನವಿ ಮಾಡಬೇಕಾಯಿತು. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಿತು. ಮೆಚ್ಚಿ ಮಾಡುತ್ತಿದ್ದಾರೆ ತಾನೇ, ಅದರಲ್ಲೇನು ತಪ್ಪು ಅಂದರು.

ಕೋಲವನ್ನು ನೋಡಿದವರಿಗೆ ಉತ್ತರ ಗೊತ್ತಿದೆ. ಅಲ್ಲಿ ಪ್ರೇಕ್ಷಕರು ಅಂತ ಯಾರೂ ಇಲ್ಲ. ಕಟ್ಟೆಯ ಸುತ್ತ ನಿಂತ ಪ್ರತಿಯೊಬ್ಬರಿಗೂ ಒಂದು ಜಾಗ ಇದೆ. ಗುತ್ತಿನ ಮನೆಯವರು, ಅಂದರೆ ಊರಿನ ಹಿರಿಮನೆತನದವರು, ಎಲ್ಲಿ ನಿಲ್ಲಬೇಕು, ಯಾರು ಮೊದಲು ಕೈಮುಗಿಯಬೇಕು, ಯಾರ ಹೆಸರು ಹಿಡಿದು ದೈವ ಕರೆಯುತ್ತದೆ, ಎಲ್ಲಕ್ಕೂ ಕ್ರಮ ಇದೆ. ಮನುಷ್ಯ ಕಷ್ಟ ಹೇಳಿಕೊಳ್ಳುತ್ತಾನೆ, ದೈವ ನುಡಿ ಕೊಡುತ್ತದೆ. ಇಷ್ಟು ತುಂಬಿದ ಭಾಗವಹಿಸುವಿಕೆ ಯಾವ ಲೈವ್ ಚಾಟಿನಲ್ಲೂ ಇಲ್ಲ. ಆದರೆ ದೈವ ಕಟ್ಟುವುದು ಕಟ್ಟುವವರ ಕೆಲಸ. ಅದಕ್ಕೆ ವ್ರತ ಇದೆ, ಮನೆತನದಿಂದ ಬಂದ ಹಕ್ಕಿದೆ, ಹೊಣೆ ಇದೆ. ರೀಲ್ ಮಾಡುವವನು ಅದೆಲ್ಲ ಬಿಟ್ಟು ವೇಷವನ್ನೂ ಕೂಗನ್ನೂ ಮಾತ್ರ ಎತ್ತಿಕೊಂಡ. ಇಂಟರ್ನೆಟ್ಟಿಗೆ ಕಟ್ಟೆ ಯಾವುದು, ಪರದೆ ಯಾವುದು ಅನ್ನುವ ಭೇದ ಇಲ್ಲ. ಎರಡೂ ಅದೇ ಆರು ಇಂಚಿನಲ್ಲಿ ಕಾಣುತ್ತವೆ.

ಸ್ಟಾರ್ ವಾರ್ ಬಗ್ಗೆ ಜಾಸ್ತಿ ಬರೆಯುವ ಮನಸ್ಸಿಲ್ಲ. ಒಬ್ಬ ನಟನ ಅಭಿಮಾನಿ ಇನ್ನೊಬ್ಬನ ಸಿನಿಮಾ ನೋಡದೆಯೇ ಒಂದು ಸ್ಟಾರ್ ಕೊಟ್ಟು ಬರುತ್ತಾನೆ. ಕೆಲವು ಕನ್ನಡ ಚಿತ್ರಗಳಿಗೆ ನ್ಯಾಯಾಲಯದ ಆದೇಶದ ಮೇಲೆ ಟಿಕೆಟ್ ಆ್ಯಪಿನಲ್ಲಿ ರೇಟಿಂಗನ್ನೇ ಮುಚ್ಚಿದ್ದೂ ಆಗಿದೆ. 2025ರ ಜುಲೈನಲ್ಲಿ ನಟಿ ರಮ್ಯಾ ತಮಗೆ ಬಂದ ಅಶ್ಲೀಲ ಸಂದೇಶಗಳ ಬಗ್ಗೆ ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟ ಮೇಲೆ ಹಲವರ ಬಂಧನವೂ ಆಯಿತು. ಇದರ ಹಿಂದೆ ಇರುವುದು ದ್ವೇಷ ಮಾತ್ರ ಅಲ್ಲ. ಯಂತ್ರಕ್ಕೆ ಹೊಗಳಿಕೆಯೂ ಒಂದು ಕಾಮೆಂಟ್, ಬೈಗುಳವೂ ಒಂದು ಕಾಮೆಂಟ್. ಜಗಳ ಜೋರಾದಷ್ಟೂ ಪುಟ ಮೇಲೇರುತ್ತದೆ.

ಎರಡು ರೂಪಾಯಿಯ ನಿರ್ಮಾಪಕರು

ಲೆಕ್ಕದ ಪುಸ್ತಕ ಪ್ರೇಕ್ಷಕರ ಕೈಗೇ ಬಂದದ್ದೂ ಉಂಟು. 1976ರ 'ಮಂಥನ್' ಚಿತ್ರಕ್ಕೆ ದುಡ್ಡು ಹಾಕಿದವರು ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು. ತಲೆಗೆ ಎರಡೆರಡು ರೂಪಾಯಿ. ಶ್ಯಾಮ್ ಬೆನಗಲ್ ನಿರ್ದೇಶಿಸಿದ ಆ ಚಿತ್ರದಲ್ಲಿ ನಮ್ಮ ಗಿರೀಶ್ ಕಾರ್ನಾಡರದ್ದೇ ಮುಖ್ಯ ಪಾತ್ರ. ಬಿಡುಗಡೆಯಾದಾಗ ರೈತರು ತಮ್ಮ ಸಿನಿಮಾ ಅಂತ ಲಾರಿ ತುಂಬಿಕೊಂಡು ನೋಡಲು ಹೋದರು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಅದನ್ನು ಕೆಡದಂತೆ ಸರಿಪಡಿಸಿ, 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿತು.

ಕನ್ನಡದಲ್ಲಿ ಇದನ್ನು ಇಂಟರ್ನೆಟ್ ಮೂಲಕ ಮಾಡಿದವರು ಪವನ್ ಕುಮಾರ್. 2013ರಲ್ಲಿ ಬಂದ 'ಲೂಸಿಯಾ'ಕ್ಕೆ ನಿರ್ಮಾಪಕರು ಸಿಗದೆ, ನೋಡುವವರನ್ನೇ ದುಡ್ಡು ಕೇಳಿದರು. 27 ದಿನದಲ್ಲಿ ಸುಮಾರು 110 ಜನ ಸೇರಿ 51 ಲಕ್ಷ ರೂಪಾಯಿ ಕೊಟ್ಟರು. ಒಂದು ಟ್ಯಾಗನ್ನು ಟ್ರೆಂಡ್ ಮಾಡಲು ಸಾವಿರಾರು ಜನ ಬೇಕು. ಒಂದು ಸಿನಿಮಾ ಆಗಲು 110 ಜನ ಸಾಕಾಯಿತು.

ಮಾವನ ನೋಟ್‌ಬುಕ್

ಅಭಿಮಾನಿಗಳು ಮಾಡುವ ಇನ್ನೊಂದು ಕೆಲಸ ಇದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು: ಉಳಿಸಿಕೊಳ್ಳುವುದು. ಪುಣೆಯಲ್ಲಿ 1953ರಿಂದ ನಡೆಯುವ ಸವಾಯಿ ಗಂಧರ್ವ ಉತ್ಸವವನ್ನೇ ನೋಡಿ. ಕುಂದಗೋಳದ ಗುರುವಿನ ಹೆಸರಿನಲ್ಲಿ ಗದಗಿನ ಶಿಷ್ಯ ಭೀಮಸೇನ ಜೋಶಿಯವರು ಮರಾಠಿ ನಾಡಿನಲ್ಲಿ ಕಟ್ಟಿದ ಉತ್ಸವ ಅದು. ಅಂಥ ಕಛೇರಿಗಳಲ್ಲಿ ಮಡಿಲಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕೂರುವ ರಸಿಕರು ಇರುತ್ತಿದ್ದರು. ಯಾವ ಕಂಪನಿಯೂ ಧ್ವನಿಮುದ್ರಿಸದ ರಾಗಗಳು ಇವತ್ತು ಯೂಟ್ಯೂಬಿನಲ್ಲಿ ಸಿಗುತ್ತವೆ ಅಂದರೆ ಅದಕ್ಕೆ ಅವರೇ ಕಾರಣ. ನಡುವೆ ಕೆಮ್ಮು ಕೇಳಿಸುತ್ತದೆ, "ವಾಹ್" ಕೇಳಿಸುತ್ತದೆ. ಅದೂ ಬೇಕು.

ಯಕ್ಷಗಾನದಲ್ಲೂ ಹೀಗೇ. ಭಾಗವತರಾಗಿ ಹಾಡುತ್ತಿದ್ದ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಇನ್ನೂ ಮೂವತ್ತರ ಆಸುಪಾಸು. ಅವರ ಪದಗಳು ಇವತ್ತಿಗೂ ಓಡಾಡುತ್ತಿರುವುದರಲ್ಲಿ ರಂಗಸ್ಥಳದ ಬದಿಗೆ ಟೇಪ್ ಇಟ್ಟು ರೆಕಾರ್ಡ್ ಮಾಡಿಕೊಂಡವರ ಪಾಲು ದೊಡ್ಡದು. ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ಮಾಟುಂಗಾ, ಕುರ್ಲಾದ ಸಭಾಗೃಹಗಳಲ್ಲಿ ಆಟ ಆಗುತ್ತದೆ. ನನ್ನ ಮಾವ ಎಂಬತ್ತರ ದಶಕದಲ್ಲಿ ಹೋಟೆಲ್ ಕೆಲಸ ಮುಗಿಸಿ ಆಟಕ್ಕೆ ಓಡುತ್ತಿದ್ದವರು. ಅವರ ಬಳಿ ನೂರಾ ಹನ್ನೆರಡು ಕ್ಯಾಸೆಟ್ ಇವೆ. ಜೊತೆಗೆ ಒಂದು ನೋಟ್‌ಬುಕ್. ತಾರೀಖು, ಸಭಾಗೃಹ, ಪ್ರಸಂಗ, ಭಾಗವತರು, ಮದ್ದಳೆ, ಚೆಂಡೆ. ಕೊನೆಯ ಕಂಬಸಾಲಿನಲ್ಲಿ "ಮಳೆ ಜೋರು, ಜನ ಕಡಿಮೆ" ಅಂಥ ಷರಾ.

ಅಕ್ಕನ ಮಗಳು ಅದರಲ್ಲಿ ನಾಲ್ಕನ್ನು ಕಂಪ್ಯೂಟರಿಗೆ ಇಳಿಸಿ ಯೂಟ್ಯೂಬಿಗೆ ಹಾಕಿದಳು. ದುಬೈ, ಪುಣೆ, ಮಡಗಾಂವಿನಿಂದ ಕಾಮೆಂಟ್ ಬಂದವು. "ಈ ಆಟಕ್ಕೆ ನಾನೂ ಇದ್ದೆ" ಅಂತ ಒಬ್ಬರು ಬರೆದರು. ಮೂರನೇ ವಾರ ಒಂದು ಕ್ಲೇಮ್ ಬಂತು. ಇದು ನಮ್ಮದು ಅಂತ ಯಾವುದೋ ಸಂಸ್ಥೆ. ಮಾವ ಆ ಕಾಲದಲ್ಲಿ ಗೆಳೆಯರಿಗೆಲ್ಲ ಕ್ಯಾಸೆಟ್ಟಿನ ಪ್ರತಿ ಮಾಡಿ ಹಂಚಿದ್ದರು. ಅದರಲ್ಲಿ ಒಂದು ಯಾರದೋ ಕೈ ಸೇರಿ, ಯಂತ್ರದ ಬೆರಳಚ್ಚಿನ ಪಟ್ಟಿಯನ್ನೂ ಸೇರಿರಬೇಕು.

"ಎಂಥದು ಮಾರಾಯಾ ಇದು? ಬ್ಯಾಟರಿ ನಂದು, ಕ್ಯಾಸೆಟ್ ನಂದು, ನಿದ್ದೆಗೆಟ್ಟದ್ದು ನಾನು" ಅಂದರು ಮಾವ. ಕಾನೂನಿನ ಪ್ರಕಾರ ಹಾಡಿದವರಿಗೂ ಹಕ್ಕಿದೆ ಮಾವ, ಪೂರ್ತಿ ನಿಮ್ಮದೂ ಅಲ್ಲ ಅಂದೆ. "ಅದು ಸರಿ. ಭಾಗವತರು ಕೇಳಿದ್ರೆ ಕೊಡ್ತೇನೆ. ಇವರು ಯಾರು?"

ಕ್ಲೇಮನ್ನು ಪ್ರಶ್ನಿಸಲು ದಾರಿ ಇದೆ. ವಿಡಿಯೋದ ಪುಟದಲ್ಲೇ ಡಿಸ್ಪ್ಯೂಟ್ ಒತ್ತಬೇಕು, ಕಾರಣ ಬರೆಯಬೇಕು. ಎದುರಿನವರಿಗೆ 30 ದಿನ ಸಮಯ. ಅಷ್ಟರಲ್ಲಿ ಅವರು ಉತ್ತರ ಕೊಡದಿದ್ದರೆ ಕ್ಲೇಮ್ ತಾನಾಗಿ ಬೀಳುತ್ತದೆ. ನಾವು ಕಾರಣದ ಜಾಗದಲ್ಲಿ ಮಾವನ ನೋಟ್‌ಬುಕ್ಕಿನ ಆ ಸಾಲನ್ನೇ ಬರೆದೆವು: ತಾರೀಖು, ಸಭಾಗೃಹ, ಪ್ರಸಂಗ, ಭಾಗವತರು.

ಮೂವತ್ತು ದಿನ ಕಳೆಯಿತು. ಆ ಕಡೆಯಿಂದ ಒಂದಕ್ಷರ ಬರಲಿಲ್ಲ. ಕ್ಲೇಮ್ ಬಿತ್ತು. ಮಾವ ಕನ್ನಡಕ ಹಾಕಿಕೊಂಡು ನೋಟ್‌ಬುಕ್ ತೆಗೆದು, "ಮಳೆ ಜೋರು, ಜನ ಕಡಿಮೆ" ಅಂತ ಇದ್ದ ಷರಾದ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಆ ದಿನದ ತಾರೀಖು ಬರೆದರು.